ಳಕಾರ

ಪರದೆಯ ಬಲಮೂಲೆಯಲ್ಲಿ ಒಂಬತ್ತು ವರ್ಷ
ಒಂದು ಮಸುಕು ಬರಹ: ಈ ಪ್ರತಿ ಅಸಲಿಯಲ್ಲ.
ಅದರ ಮೇಲೆ ಇಗ್ಗುತಪ್ಪನ ಸ್ಟಿಕ್ಕರ್ ಅಂಟಿಸಿದ್ದೆ.
ದೇವರು ಅದನ್ನೂ ಕಾಯ್ದ.
ಕೊನೆಗೆ ಯಂತ್ರವೇ ಹೇಳಿತು:
ಇನ್ನು ಮೇಲೆ ನಿನಗೆ ಪಹರೆ ಇಲ್ಲ, ಹೊಸ ಪೆಟ್ಟಿಗೆ ಕೊಳ್ಳು.
ಹೊಸ ಪೆಟ್ಟಿಗೆಗೆ ನಲವತ್ತೆರಡು ಸಾವಿರ.
ಒಂದು ಜೆರಾಕ್ಸಿಗೆ ಎರಡು ರೂಪಾಯಿ.
ಲೆಕ್ಕ ನೀವೇ ಹಾಕಿ.

ಚೆರಿಯಪರಂಬಿನ ರುಖಿಯಾ, ಪಾಲಿಟೆಕ್ನಿಕ್ ಎರಡನೇ ವರ್ಷ,
ನಾಪೋಕ್ಲು ಸಂತೆಯ ದಿನ ಮೀನಿನ ಚೀಲದ ಜೊತೆ
ಒಂದು ಪೆನ್‌ಡ್ರೈವ್ ತಂದಳು.
"ಇದರಿಂದಲೇ ನಡೆಸಿ ನೋಡಿ ವಾರಿಜಕ್ಕ,
ಹಿಡಿಸದಿದ್ದರೆ ಕಿತ್ತರಾಯಿತು."
ಕಾಸೆಷ್ಟು? ಕಾಸಿಲ್ಲ.
ಹಾಗಾದರೆ ಯಾರದ್ದು? ಎಲ್ಲರದ್ದೂ.
ಪುಕ್ಕಟೆ ಅಂದರೆ ನನಗೆ ಹೆದರಿಕೆ,
ಪುಕ್ಕಟೆ ಕೊಟ್ಟವರು ಆಮೇಲೆ ಓಟು ಕೇಳಲು ಬರುತ್ತಾರೆ.

ಅವಳು ನಕ್ಕು ಎದುರಿನ ಕಾಫಿ ಮಂಡಿಯತ್ತ ಕೈ ಮಾಡಿದಳು.
"ಅಲ್ಲಿ ತೇವ ಅಳೆಯುವ ಮಿಷನ್ನಿನ ಮುಖ ಯಾರ ಕಡೆಗಿದೆ?"
ಸಾಹುಕಾರನ ಕಡೆಗೆ.
"ಇದನ್ನು ನಿಮ್ಮ ಕಡೆಗೆ ತಿರುಗಿಸಿದ್ದಾರೆ. ಅಷ್ಟೆ."
ಒಳಗಿನದ್ದನ್ನೂ ತೆರೆದು ತೋರಿಸಿದಳು.
ಗೆದ್ದಲು ಹರಿದ ಹಲಗೆಯ ಹಾಗೆ ಸಾಲು ಸಾಲು,
ಒಂದಕ್ಷರ ತಿಳಿಯಲಿಲ್ಲ.
ಆದರೂ ಮುಖ ನನ್ನ ಕಡೆಗಿತ್ತು.

ಮೊದಲ ದಿನವೇ ಗುಟ್ಟಿನ ಪದ ಕೇಳಿತು.
ಒತ್ತಿದೆ, ಏನೂ ಮೂಡಲಿಲ್ಲ, ಒಂದು ಚುಕ್ಕಿಯೂ ಇಲ್ಲ.
ಕೀಲಿಮಣೆ ಸತ್ತಿತೆಂದು ಮಗುಚಿ ಬಡಿದೆ:
ಬಿಸ್ಕತ್ತಿನ ಚೂರು, ಎರಡು ಸ್ಟೇಪಲ್ ಪಿನ್ನು.
ಫೋನಿನಲ್ಲಿ ರುಖಿಯಾ:
"ಅದು ಕೇಳಿಸಿಕೊಳ್ಳುತ್ತಿದೆ ಅಕ್ಕ, ತೋರಿಸಿಕೊಳ್ಳುವುದಿಲ್ಲ."
ಮದುವೆಯಾಗಿ ಇಪ್ಪತ್ತಾರು ವರ್ಷ,
ನಮ್ಮ ಮನೆಯಲ್ಲೂ ಒಬ್ಬರು ಹಾಗೇ ಇದ್ದಾರೆ.

ಪ್ರಿಂಟರು ಮೂರು ದಿನ ಮುನಿಸಿಕೊಂಡಿತು.
ನಾಲ್ಕನೆಯ ದಿನ ತಾನೇ ಸರಿಹೋಯಿತು, ನಾನೇನೂ ಮಾಡಿರಲಿಲ್ಲ.

ಆಮೇಲೆ ಹಳೆಯ ಕಡತಗಳು.
ಹದಿನೆಂಟು ವರ್ಷದ ಲಗ್ನಪತ್ರಿಕೆ, ಗೃಹಪ್ರವೇಶ, ಮಾದದ ಕಾರ್ಡು,
ತೆರೆದರೆ ಕನ್ನಡವೇ ಇಲ್ಲ.
'ಶ್ರೀ' ಇದ್ದಲ್ಲಿ ಗಾಳಿಯಲ್ಲಿ ನೇತಾಡುವ ಪುಟ್ಟ ಎರಡು,
ಬೆನ್ನಿಗೆ ಬೆನ್ನು ಅಂಟಿದ ಯಾವುದೋ ಅಕ್ಷರದ ಜೋಡಿ,
ಹುಬ್ಬು ಹಾರಿಸುವ ಒಂದು ಇಂಗ್ಲಿಷಿನ ಎ.
ಇಷ್ಟು ವರ್ಷ ನಾನು ಬರೆದದ್ದು ಇದನ್ನೋ?
"ಮೇಲೆ ಕನ್ನಡದ ಅಂಗಿ ಇತ್ತು. ಒಳಗೆ ಮೊದಲಿಂದಲೂ ಇದೇ."
ತಿರುಗಿ ಕನ್ನಡ ಮಾಡುವ ಸಾಧನವೊಂದನ್ನು ಹಾಕಿಕೊಟ್ಟಳು,
ಅದೂ ಯಾರೋ ಪುಣ್ಯಾತ್ಮರು ಬರೆದಿಟ್ಟದ್ದು.
ಅರ್ಕಾವತ್ತು ಬಂದಲ್ಲೆಲ್ಲ ಎಡವುತ್ತದೆ,
ಒಂದೊಂದನ್ನೂ ಕೂತು ಓದಲೇಬೇಕು.

ಹಾಗೆ ಓದುತ್ತ, ಕರೆಂಟು ಹೋಗಿ ಯುಪಿಎಸ್ ಕೂಗುತ್ತಿದ್ದ ಸಂಜೆ,
ಎರಡು ಸಾವಿರದ ಹನ್ನೊಂದರ ಪತ್ರಿಕೆ.
ವಧು: ಬಾಲೆಕುಟ್ಟೀರ ಪೂವಮ್ಮ.
ಬಾಳೆಕುಟ್ಟೀರ ಆಗಬೇಕಿತ್ತು.
ಶಿಫ್ಟ್ ಒತ್ತಬೇಕಿದ್ದ ಕಿರುಬೆರಳು ಅವತ್ತು ಎಲ್ಲಿತ್ತೋ.
ಮುನ್ನೂರೈವತ್ತು ಪ್ರತಿ,
ಕಕ್ಕಬ್ಬೆಗೆ, ಬಲ್ಲಮಾವಟಿಗೆ, ಮೂರ್ನಾಡಿಗೆ.
ಅಷ್ಟು ಮನೆಯಲ್ಲಿ ಓದಿದ್ದಾರೆ. ಒಬ್ಬರೂ ಬಂದು ಹೇಳಲಿಲ್ಲ.
ಪೂವಮ್ಮ ಈಗಲೂ ಸೋಮವಾರ ಬರುತ್ತಾಳೆ,
ಮೆಣಸು ಮಾರಿದ ಚೀಟಿ, ಮಗನ ಅಂಕಪಟ್ಟಿ.
ನನ್ನಲ್ಲಿ ಚಿಲ್ಲರೆ ಇಲ್ಲದಿದ್ದರೆ
"ಇರಲಿ ಬಿಡಿ" ಅನ್ನುತ್ತಾಳೆ.
ಯಾವುದಕ್ಕೆ ಅನ್ನುತ್ತಿದ್ದಳೋ.

ಲ ಅಳಿಸಿ, ಕಿರುಬೆರಳು ಊರಿ, ಳ ಹಾಕಿದೆ.
ಇನ್ನು ಯಾರೂ ಅಚ್ಚು ಹಾಕಿಸದ ಪತ್ರಿಕೆ.
ಉಳಿಸಲೇ ಎಂದು ಕೇಳಿತು ಯಂತ್ರ. ಉಳಿಸು ಅಂದೆ.

ನಾಳೆ ಸಂತೆ.
ಡ್ರಾಯರಿನಲ್ಲಿ ಚಿಲ್ಲರೆ ಎತ್ತಿಟ್ಟುಕೊಂಡಿದ್ದೇನೆ.